ನೋಡದೆ ಬರೆದ ಮಚ್ಚೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮಕ್ಕೆ ಅಂಟಿಕೊಂಡು ಒಂದು ಸಣ್ಣ ಆಸ್ಪತ್ರೆ. ಅಲ್ಲಿಗೆ ಬರುವವರೆಲ್ಲ ಚರ್ಮದ ತಾಪತ್ರಯದವರೇ.

ಅಲ್ಲಿನ ಗುರುಗಳು ಸನ್ಯಾಸ ತೆಗೆದುಕೊಳ್ಳುವ ಮುಂಚೆ ಪಟ್ಟಣದಲ್ಲಿ ಚರ್ಮದ ಡಾಕ್ಟರಾಗಿದ್ದವರು. ಕಾವಿ ಉಟ್ಟ ಮೇಲೂ ಭೂತಗನ್ನಡಿ ಮಾತ್ರ ಬಿಡಲಿಲ್ಲ. ಸುತ್ತಲ ಹಳ್ಳಿಯವರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅವರ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ.

ಅಜ್ಜಾರ ಶಿಷ್ಯ ಅಡಿವಯ್ಯ. ಡಾಕ್ಟರಕಿ ಓದಿ ಪಾಸಾಗಿ, ಮದುವೆ ಗಿದುವೆ ಒಲ್ಲೆನೆಂದು ಬ್ರಹ್ಮಚರ್ಯದ ವ್ರತ ತೊಟ್ಟು, ಅಜ್ಜಾರ ಕೈಕೆಳಗೆ ಚರ್ಮದ ವಿದ್ಯೆ ಕಲಿಯಲು ಬಂದವನು. ಬುದ್ಧಿವಂತ. ಒಳ್ಳೆಯವನು ಕೂಡ. ಆ ಒಳ್ಳೆಯತನವೇ ಒಂದು ಹಿಡಿ ಹೆಚ್ಚಾಗಿತ್ತು ಅನ್ನಿ.

ಹೆಂಗಸರು ಎದುರಿಗೆ ಬಂದರೆ ಸಾಕು, ಅಡಿವಯ್ಯನ ಕಣ್ಣು ನೆಲ ಗುಡಿಸತೊಡಗುತ್ತಿದ್ದವು. "ಏನು ತ್ರಾಸ ಐತ್ರಿ ಅವ್ವಾರ?" ಎಂದು ತನ್ನದೇ ಕಾಲಿನ ಹೆಬ್ಬೆರಳನ್ನು ಕೇಳುತ್ತಿದ್ದ.

ಹಾಗೆ ನೋಡಿದರೆ ಆ ಆಸ್ಪತ್ರೆಯಲ್ಲಿ ನಾಚಿಕೆಪಡುವ ಕಾರಣವೇ ಇರಲಿಲ್ಲ. ಅಜ್ಜಾರು ಅಲ್ಲೊಂದು ಪದ್ಧತಿ ಮಾಡಿಟ್ಟಿದ್ದರು. ದೊಡ್ಡದೊಂದು ಬಿಳಿ ಬಟ್ಟೆ, ಅದರ ನಡುವೆ ಅಂಗೈಯಗಲದ ಕಿಂಡಿ. ರೋಗಿಯ ಮೈಮೇಲೆ ಅದನ್ನು ಹೊದಿಸಿದರೆ ನೋಡಬೇಕಾದ ಜಾಗ ಮಾತ್ರ ಕಾಣುತ್ತಿತ್ತು, ಉಳಿದ ಮೈಯೆಲ್ಲ ಮುಚ್ಚಿರುತ್ತಿತ್ತು. ಹೊದಿಸುವವಳು ಆಸ್ಪತ್ರೆಯ ಆಯಾ ನಿಂಬೆವ್ವ. ಎಲ್ಲರೂ ಅದನ್ನು ಕಿಂಡಿ ಬಟ್ಟೆ ಅನ್ನುತ್ತಿದ್ದರು.

ಇನ್ನೊಂದು ಮಾತು ಹೇಳಿಬಿಡಬೇಕು. ಈಗಿನ ಕಾಲದಲ್ಲಿ ರೋಗದ ಹೆಸರು ಬರೆದರೆ ಮುಗಿಯುವುದಿಲ್ಲ. ಪ್ರತಿಯೊಂದು ರೋಗಕ್ಕೂ ಒಂದು ಕೋಡ್ ಇದೆ. ಇಲ್ಲಿ ಕೇಸ್ ಪೇಪರಿನಲ್ಲಿ ಕೋಡ್ ಹಾಕಿದರೆ, ಎಲ್ಲೋ ದೂರದ ಪಟ್ಟಣದಲ್ಲಿ ಕುಳಿತ ಡಾಕ್ಟರು ಕಂಪ್ಯೂಟರಿನಲ್ಲಿ ಅದನ್ನು ಓದಿಯೇ ರೋಗಿಯ ಹಣೆಬರಹ ತೀರ್ಮಾನಿಸುತ್ತಾರೆ.

ಏನೂ ಮಾಡದ ಸಾದಾ ಮಚ್ಚೆಗೆ ಒಂದು ಕೋಡ್. ಇನ್ನೂ ಪರೀಕ್ಷೆ ಆಗಬೇಕಾದ್ದಕ್ಕೆ ಇನ್ನೊಂದು. ಚೂರು ಕತ್ತರಿಸಿ ಲ್ಯಾಬಿಗೆ ಕಳಿಸಿ, ಲ್ಯಾಬಿನವರು ಕೂಡ "ಇದು ಒಳ್ಳೆಯದೋ ಕೆಟ್ಟದ್ದೋ ನಮಗೂ ಹೇಳಲಾಗದು" ಎಂದು ಕೈಚೆಲ್ಲಿದಾಗ ಹಾಕಬೇಕಾದ್ದು ಮತ್ತೊಂದು. ಆ ಕೊನೆಯದರ ಹೆಸರು 'ಸ್ವಭಾವ ಅನಿಶ್ಚಿತ'. ಅದನ್ನು ಕಂಡರೆ ಎಂಥ ಡಾಕ್ಟರೂ ಹೆಜ್ಜೆ ಹಿಂದಿಡುತ್ತಾರೆ.

ಒಂದು ದಿನ ಅಜ್ಜಾರು ಪಕ್ಕದ ಹಳ್ಳಿಗೆ ರೋಗಿಗಳನ್ನು ನೋಡಲು ಹೋಗಿದ್ದರು. ಆಸ್ಪತ್ರೆ ಅಡಿವಯ್ಯನ ಕೈಯಲ್ಲಿತ್ತು. ಆಗ ಕಾಶವ್ವ ಬಂದಳು. ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು ಜೀವನ ಮಾಡುವ ಹೆಂಗಸು.

"ನನ್ನ ತಮ್ಮಗ ಎರಡೂ ಕಿಡ್ನಿ ಹೋಗ್ಯಾವ್ರಿ ಡಾಕ್ಟರ್ರ. ನಂದೊಂದು ಕೊಡಾಕತ್ತೀನಿ. ಮನಿಯಾಗ ಎಲ್ಲಾರದೂ ನೋಡಿದ್ರು, ನಂದೊಂದ ಕೂಡಿ ಬಂತು. ಬೆನ್ನಾಗ ಒಂದು ಮಚ್ಚಿ ಐತಿ. ಅದನ್ನ ಚರ್ಮದ ಡಾಕ್ಟರಿಗೆ ತೋರಿಸಿ ಕಾಗದ ತಾ ಅಂತ ಪಟ್ಟಣದ ದವಾಖಾನಿಯವ್ರು ಅಂದಾರ."

ನಿಂಬೆವ್ವ ಅವಳನ್ನು ಒಳಗೆ ಕೂರಿಸಿ ಕಿಂಡಿ ಬಟ್ಟೆ ಹೊದಿಸಿದಳು.

"ಬರ್ರಿ, ನೋಡ್ರಿ" ಎಂದು ಕರೆದಳು.

ಅಡಿವಯ್ಯ ನೋಡಿದ. ನೋಡಿದ ಅಂದರೆ, ಬಾಗಿಲಲ್ಲೇ ನಿಂತು, ಕಾದ ಹಂಚಿಗೆ ಬೆರಳು ತಾಗಿಸಿ ತೆಗೆದಷ್ಟು ಹೊತ್ತು ಕಣ್ಣೆತ್ತಿದ. ಏನೋ ಕಂದು ಬಣ್ಣದ್ದು ಕಂಡ ಹಾಗಾಯಿತು. ಅಷ್ಟರಲ್ಲಿ ಕಣ್ಣು ಮತ್ತೆ ನೆಲಕ್ಕೆ ಬಿತ್ತು.

"ಆತು" ಅಂದ.

"ಇಷ್ಟ ಲಗೂನ?" ಎಂದಳು ಕಾಶವ್ವ.

"ಆತು ಆತು" ಎಂದು ಹೊರಗೆ ಬಂದೇ ಬಿಟ್ಟ.

ಕೇಸ್ ಪೇಪರ್ ಮುಂದಿಟ್ಟುಕೊಂಡಾಗ ಫಜೀತಿ ಶುರುವಾಯಿತು. ಎಷ್ಟಗಲ? ಗೊತ್ತಿಲ್ಲ. ಅಂಚು ಹೇಗಿದೆ? ಗೊತ್ತಿಲ್ಲ. ಒಂದೇ ಬಣ್ಣವೋ, ಬಣ್ಣಬಣ್ಣವೋ? ಅದೂ ಗೊತ್ತಿಲ್ಲ. ಎದ್ದು ಒಳಗೆ ಹೋಗಿ ಇನ್ನೊಮ್ಮೆ ನೋಡಬಹುದಿತ್ತು. ಕಾಶವ್ವ ಇನ್ನೂ ಒಳಗೇ ಇದ್ದಳು. ಆದರೆ ಅವನು ಏಳಲಿಲ್ಲ.

ಸಾದಾ ಮಚ್ಚೆ ಅಂತ ಬರೆದು ನಾಳೆ ಅದು ಕೆಟ್ಟದ್ದಾದರೆ? ಕುತ್ತಿಗೆಗೆ ಬರುತ್ತದೆ. ಸುಳ್ಳು ಬರೆದ ಪಾಪವೂ ಅಂಟುತ್ತದೆ. ನನಗೆ ಖಾತ್ರಿ ಇಲ್ಲ. ಖಾತ್ರಿ ಇಲ್ಲ ಅಂತಲೇ ಬರೆದರೆ ಅದು ಸತ್ಯವೇ ಆಯಿತಲ್ಲ!

ಹೀಗೆ ಲೆಕ್ಕ ಹಾಕಿ ಅಡಿವಯ್ಯ 'ಸ್ವಭಾವ ಅನಿಶ್ಚಿತ' ಎಂಬುದರ ಕೋಡ್ ಹಾಕಿ ಸಹಿ ಮಾಡಿದ. ಆ ಸಂಜೆ ಪೂಜೆಗೆ ಕುಳಿತಾಗ ಅವನ ಮನಸ್ಸು ಬಹಳ ಹಗುರವಾಗಿತ್ತು. ಸತ್ಯ ಬರೆದೆ ಎಂಬ ಸಮಾಧಾನದಲ್ಲಿ ಚೆನ್ನಾಗಿ ಉಂಡು ಮಲಗಿದ.

ಕೆಲವು ದಿನ ಕಳೆದವು.

ಒಂದು ಬೆಳಿಗ್ಗೆ ಅಜ್ಜಾರು ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತಿದ್ದರು. ಅಡಿವಯ್ಯ ಪಕ್ಕದಲ್ಲಿ ನಿಂತಿದ್ದ. ಕಾಶವ್ವ ಓಡೋಡಿ ಬಂದಳು. ಅವಳ ಹಿಂದೆ ಒಬ್ಬ ತೆಳ್ಳನೆಯ ಗಂಡಸು ಗೋಡೆ ಹಿಡಿದುಕೊಂಡು ನಿಧಾನವಾಗಿ ಬರುತ್ತಿದ್ದ. ಅವನ ಮುಖ ಬಾತಿತ್ತು, ಕೈಕಾಲು ಕಡ್ಡಿಯಾಗಿದ್ದವು.

"ಏನ್ ಬರದ್ರಿ ಡಾಕ್ಟರ್ರ ನನ್ನ ಕಾಗದದಾಗ?" ಕಾಶವ್ವ ಸೀದಾ ಅಡಿವಯ್ಯನ ಮುಂದೆ ನಿಂತಳು. "ನಂದು ಕಿಡ್ನಿ ಬ್ಯಾಡ ಅಂದ್ರು! ನಿನ್ನ ಬೆನ್ನಾಗ ಕ್ಯಾನ್ಸರ್ ಇದ್ರೂ ಇರಬಹುದು, ತಮ್ಮಗ ಹತ್ತೀತು ಅಂದ್ರು!"

ಅಡಿವಯ್ಯ ಒಂದು ಹೆಜ್ಜೆ ಹಿಂದೆ ಸರಿದ.

"ಕ್ಯಾನ್ಸರ್ ಅಂತ ನಾ ಬರದಿಲ್ರಿ" ಅಂದ. "ಅನಿಶ್ಚಿತ ಅಂತ ಬರದೀನಿ."

"ಅದೇನ್ ಹಾಳೋ ನನಗೇನ್ ತಿಳಿತೈತಿ! ಇವತ್ತ ಸಂಜಿಗೆ ಅಲ್ಲಿ ದೊಡ್ಡ ಡಾಕ್ಟರ ಎಲ್ಲಾ ಕೂಡತಾರ. ಅಷ್ಟರಾಗ ಸರಿ ಕಾಗದ ಬರಲಿಲ್ಲಂದ್ರ ಇವನ ಆಪರೇಷನ್ ಪಾಳಿ ಬ್ಯಾರೇದವರಿಗೆ ಹೋಗತೈತಿ. ಮುಂದಿನ ಪಾಳಿ ತನಕ ಇವ ಇರ್ತಾನೇನ್ರಿ? ಹೇಳ್ರಿ ನೀವ!"

ಗೋಡೆ ಹಿಡಿದು ನಿಂತವನು ಅವಳ ತಮ್ಮ ಮಾನಿಂಗ. "ಅಕ್ಕಾ, ಸಾವಕಾಶ ಮಾತಾಡು. ಆಶ್ರಮ ಇದು" ಎಂದ. ಅಷ್ಟು ಹೇಳುವುದರಲ್ಲೇ ಅವನಿಗೆ ಉಸಿರು ಸಾಲದಾಯಿತು.

ಅಜ್ಜಾರು ಎದ್ದು ಅವನನ್ನು ತಮ್ಮ ಜಾಗದಲ್ಲಿ ಕೂರಿಸಿದರು. ಆಮೇಲೆ ಶಿಷ್ಯನ ಕಡೆ ತಿರುಗಿದರು.

"ಏನ್ ನೋಡಿದಿ ಅಡಿವಯ್ಯಾ?"

"ಸ್ವಭಾವ ಅನಿಶ್ಚಿತ ಅಂತ..."

"ಏನ್ ಬರದಿ ಅಂತ ಕೇಳಲಿಲ್ಲ. ಏನ್ ನೋಡಿದಿ?"

ಅಡಿವಯ್ಯನ ಕಣ್ಣು ತನ್ನ ಹೆಬ್ಬೆರಳಿಗಿಳಿಯಿತು.

"ಲ್ಯಾಬಿಗೆ ಚೂರು ಕಳಿಸಿದ್ದೇನು?"

"ಇಲ್ರಿ."

"ಲ್ಯಾಬಿನವರು ತಮಗ ತಿಳೀವಲ್ದು ಅಂದ್ರೇನು?"

"ಇಲ್ರಿ ಅಜ್ಜಾರ. ನನಗ ಖಾತ್ರಿ ಇರಲಿಲ್ಲ. ಅದಕ್ಕ ಹಂಗ ಬರದೆ. ಸುಳ್ಳು ಬರೀಬಾರದು ಅಂತ."

ಅಜ್ಜಾರು ಒಂದು ಇದ್ದಿಲು ಚೂರು ತಂದು ಅವನ ಕೈಗೆ ಕೊಟ್ಟರು.

"ಕಟ್ಟಿ ಮ್ಯಾಲೆ ಆ ಮಚ್ಚಿ ಬರಿ. ಹೆಂಗಿತ್ತೋ ಹಂಗ."

ಅಡಿವಯ್ಯ ಬಗ್ಗಿದ. ಒಂದು ದುಂಡನೆಯ ಗುರುತು ಹಾಕಿದ. ಸ್ವಲ್ಪ ಯೋಚಿಸಿ ಅದನ್ನು ಉದ್ದ ಮಾಡಿದ. ಆಮೇಲೆ ಅಂಗೈಯಿಂದ ಒರೆಸಿದ. ಕಟ್ಟೆಯೂ ಕರಿದಾಯಿತು, ಕೈಯೂ ಕರಿದಾಯಿತು. ಮಚ್ಚೆ ಮಾತ್ರ ಬರಲಿಲ್ಲ.

"ನೋಡಿಲ್ರಿ" ಅಂದ ಕಡೆಗೆ. ಕಟ್ಟೆಗಷ್ಟೇ ಕೇಳಿಸುವ ಹಾಗೆ.

"ಏನಂದಿ?"

"ನಾ ಸರಿಯಾಗಿ ನೋಡೇ ಇಲ್ರಿ ಅಜ್ಜಾರ. ಪರಹೆಂಗಸಿನ ಬೆನ್ನು. ವ್ರತ ತೊಟ್ಟೀನಿ. ಬಾಗಿಲಾಗ ನಿಂತು ಕಣ್ಣು ತಗದೆ, ಮುಚ್ಚಿದೆ."

ಕಾಶವ್ವ ಬಾಯಿ ಮೇಲೆ ಕೈಯಿಟ್ಟಳು. ಅವಳಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಸಿಟ್ಟೇ ಬಂತು.

"ಅಯ್ಯ ನಿಮ್ಮ! ನಾ ಏನ್ ನಿಮಗ ಮೈ ತೋರಿಸಾಕ ಬಂದಿದ್ನೇನ್ರಿ? ಮಚ್ಚಿ ತೋರಿಸಾಕ ಬಂದಿದ್ದೆ. ನಿಮ್ಮ ನಾಚಿಕಿ ನನ್ನ ತಮ್ಮನ ಜೀವಾ ನುಂಗತಿತ್ತಲ್ರಿ!"

ಅಡಿವಯ್ಯನ ಮುಖಕ್ಕೆ ರಕ್ತ ನುಗ್ಗಿತು.  

ಅಜ್ಜಾರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅಡಿವಯ್ಯನಿಗೆ.

"ನಿಂಬೆವ್ವಾ, ಕಿಂಡಿ ಬಟ್ಟಿ ತಗೋ" ಎಂದರು ಅಜ್ಜಾರು. "ಕಾಶವ್ವನ್ನ ಒಳಗ ಕುಂದರಿಸು. ದೀಪಾ ಹಚ್ಚು."

ಎಲ್ಲರೂ ಒಳಗೆ ಹೋದರು. ನಿಂಬೆವ್ವ ಬಟ್ಟೆ ಹೊದಿಸಿ ದೀಪ ಹಿಡಿದು ನಿಂತಳು. ಭೂತಗನ್ನಡಿ ಮೇಜಿನ ಮೇಲಿತ್ತು. ಅಜ್ಜಾರೇ ನೋಡುತ್ತಾರೆ, ಒಂದು ಕ್ಷಣದಲ್ಲಿ ಬಗೆಹರಿಸುತ್ತಾರೆ ಎಂದುಕೊಂಡ ಅಡಿವಯ್ಯ. ಅವನಿಗೆ ಸ್ವಲ್ಪ ಧೈರ್ಯ ಬಂತು.

ಅಜ್ಜಾರು ಕೇಸ್ ಪೇಪರ್ ತೊಡೆಯ ಮೇಲಿಟ್ಟುಕೊಂಡು ಗೋಡೆಗೊರಗಿ ಕುಳಿತರು. ಕಣ್ಣು ಮುಚ್ಚಿದರು.

"ಹೇಳು" ಎಂದರು.

"ನಾನಾ?"

"ನಾನು ಪಟ್ಟಣದಾಗ ಕುಂತ ಡಾಕ್ಟರ. ನನಗ ಈಕಿ ಕಾಣೂದಿಲ್ಲ. ಮಚ್ಚಿ ಕಾಣೂದಿಲ್ಲ. ನೀ ಹೇಳಿದ್ದಷ್ಟ ಕಾಣತೈತಿ. ಹೇಳು."

"ಅಜ್ಜಾರ, ಹೊತ್ತಾಗಾಕತ್ತೈತಿ. ನೀವ ಒಂದ್ಸಲ..."

"ಹೌದಲ್ಲ, ಹೊತ್ತಾಗಾಕತ್ತೈತಿ."

ಕಣ್ಣು ತೆರೆಯಲಿಲ್ಲ ಪುಣ್ಯಾತ್ಮರು.

ಅಡಿವಯ್ಯ ಭೂತಗನ್ನಡಿ ಕೈಗೆತ್ತಿಕೊಂಡ.  ಕಿಂಡಿಯ ಮುಂದೆ ಮೊಣಕಾಲೂರಿದ. ಈ ಸಲ ಓಡಿಹೋಗಲು ಬಾಗಿಲು ಇರಲಿಲ್ಲ. ಬಾಗಿಲಲ್ಲಿ ಮಾನಿಂಗ ಕುಳಿತಿದ್ದ.

ಕಣ್ಣೆತ್ತಿ ನೋಡಿದ.

ಬಿಳಿ ಬಟ್ಟೆ. ನಡುವೆ ಅಂಗೈಯಗಲ ಚರ್ಮ. ಅದರಲ್ಲೊಂದು ಮಚ್ಚೆ. ಅಷ್ಟೇ! ಇಷ್ಟು ದಿನ ಅವನು ಹೆದರಿ ಸತ್ತದ್ದು ಇಷ್ಟಕ್ಕೇ.

"ಎಡ ಬೆನ್ನಿನ ಮ್ಯಾಲಿನ ಭಾಗ" ಎಂದ.

"ಹೂಂ."

"ಹೆಸರಕಾಳಿನಷ್ಟು ಐತಿ."

"ದೊಡ್ಡ ಹೆಸರಕಾಳೋ ಸಣ್ಣದೋ? ನನ್ನ ಹತ್ರ ಕಾಳಿಲ್ಲ."

ಅಡಿವಯ್ಯ ಅಳತೆಪಟ್ಟಿ ಇಟ್ಟು ಅಳೆದು ಹೇಳಿದ. ಅಜ್ಜಾರು ತಲೆಯಾಡಿಸಿದರು.

"ಬಣ್ಣ?"

"ಕಂದು. ಎಲ್ಲಾ ಕಡೆ ಒಂದ ನಮೂನಿ. ನಡುವ ಕಪ್ಪಿಲ್ಲ, ಕೆಂಪಿಲ್ಲ."

"ಅಂಚು?"

"ಸಮ ಐತ್ರಿ. ಗೆರಿ ಎಳದಂಗ. ಹರಿದಿಲ್ಲ, ಚರ್ಮದಾಗ ಕದಡಿಲ್ಲ. ನಡುವ ಗೆರಿ ಎಳೆದ್ರ ಈ ಅರ್ಧ ಆ ಅರ್ಧ ಒಂದ ಥರ."

"ಮುಟ್ಟಿದ್ಯಾ?"

ಅಡಿವಯ್ಯ ಇದ್ದಿಲು ಮೆತ್ತಿದ ಕೈ ನೋಡಿಕೊಂಡ. ಆಮೇಲೆ ಕೈ ತೊಳೆದುಕೊಂಡು ಬಂದು ಬೆರಳ ತುದಿಯಿಂದ ಮುಟ್ಟಿದ.

"ಮೆತ್ತಗೈತ್ರಿ. ಸ್ವಲ್ಪ ಉಬ್ಬೈತಿ. ಎರಡು ಕೂದಲಾ ಹುಟ್ಟ್ಯಾವು. ಗಾಯ ಇಲ್ಲ, ರಕ್ತ ಇಲ್ಲ."

ಅವನ ಅಳುಕು ಯಾವಾಗ ಹೋಯಿತೋ ಅವನಿಗೇ ತಿಳಿಯಲಿಲ್ಲ. ಮಚ್ಚೆ ಅವನ ಕಣ್ಣೆದುರಿಗಿತ್ತು. ಅವನು ಅದನ್ನು ಓದುತ್ತಿದ್ದ, ಓದಿದ್ದನ್ನು ಹೇಳುತ್ತಿದ್ದ. ಮನಸ್ಸಿಗೆ ಬೇರೆ ಯಾವ ಯೋಚನೆಗೂ ಪುರಸೊತ್ತಿರಲಿಲ್ಲ.

"ಯಾವಾಗಿಂದ ಐತಿ?" ಅಜ್ಜಾರು ಕೇಳಿದರು.

"ಅದು ನನಗ ಹೆಂಗ ಗೊತ್ತಾಗಬೇಕ್ರಿ?"

"ಕೇಳಿದ್ಯಾ?"

ಕೇಳಿರಲಿಲ್ಲ. ಅಂದೂ ಕೇಳಿರಲಿಲ್ಲ.

"ಕಾಶವ್ವಾರ, ಇದು ಯಾವಾಗಿಂದ ಐತ್ರಿ?"

"ನನ್ನ ಬೆನ್ನು ನನಗೆಲ್ಲಿ ಕಾಣತೈತ್ರಿ?" ಎಂದಳು ಕಾಶವ್ವ, ಬಟ್ಟೆಯೊಳಗಿಂದ. ಆಮೇಲೆ ಏನೋ ನೆನಪಾಗಿ ಅವಳ ದನಿ ಬದಲಾಯಿತು. "ಇವನ್ನ ಕೇಳ್ರಿ. ಮಾನಿಂಗನ್ನ. ಇವ ಕೂಸಿದ್ದಾಗ ಅವ್ವ ಹೊಲಕ್ಕ ಹೋಗಾಕಿ. ಇಡೀ ದಿನಾ ನನ್ನ ಬೆನ್ನ ಮ್ಯಾಲ ಇವ. ಕುಪ್ಪಸದ ಒಳಗ ಕೈ ಹಾಕಿ ಅದನ್ನ ಉಗುರಿಂದ ಕೆರೀತಿದ್ದ. ಕೆರಕೋತ ಮಲಗತಿದ್ದ. ಬಿಡಿಸಿದ್ರ ಅಳತಿದ್ದ ಮುಂಡೇಗಂಡ."

ಬಾಗಿಲಲ್ಲಿ ಕುಳಿತಿದ್ದ ಮಾನಿಂಗ ನಕ್ಕ. ಬಾತ ಮುಖದಲ್ಲಿ ನಗು ಅಷ್ಟಿಷ್ಟೇ ಕಂಡಿತು.

"ಹೌದ್ರಿ" ಎಂದ. "ದೊಡ್ಡಾವ ಆದ ಮ್ಯಾಲೂ ಅಕ್ಕನ ಹಿಂದ ನಿಂತಾಗ ಬೆರಳ ತಾನ ಅಲ್ಲಿಗೆ ಹೋಗತಿತ್ತು. ಬೈಸಿಕೊಂಡು ಬಿಟ್ಟೆ."

"ಇಲ್ಲಿ ಬರ್ರಿ" ಅಂದ ಅಡಿವಯ್ಯ. ಅವನ ಕೈ ಹಿಡಿದು ಎಬ್ಬಿಸಿ ಕಿಂಡಿಯ ಮುಂದೆ ಕರೆತಂದ. "ಅವಾಗ ಇದ್ದದ್ದ ಇದು? ಬೆಳದೈತೇನು, ಬಣ್ಣ ತಿರಗೈತೇನು?"

ಮಾನಿಂಗ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಅವನ ಕಣ್ಣು ತುಂಬಿಕೊಂಡವು.

"ಇದ ಐತ್ರಿ. ಇಷ್ಟ ಇತ್ತು. ಈ ಎರಡು ಕೂದಲಾನೂ ಇದ್ದೂ. ಒಂದನ್ನ ಜಗ್ಗಿ ಹೊಡಸ್ಕೊಂಡೀನಿ."

ಕಾಶವ್ವ ಬಟ್ಟೆಯೊಳಗೇ ಬಿಕ್ಕಿದಳು. ನಿಂಬೆವ್ವ ದೀಪವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅಡಿವಯ್ಯಾ" ಎಂದರು ಅಜ್ಜಾರು, ಕಣ್ಣು ಮುಚ್ಚಿಕೊಂಡೇ. "ಏನ್ ಇದು?"

"ಸಾದಾ ಮಚ್ಚಿ ಅಜ್ಜಾರ."

"ಖಾತ್ರಿ?"

"ಖಾತ್ರಿ."

ಆಗ ಅಜ್ಜಾರು ಕಣ್ಣು ತೆರೆದರು. ಎದ್ದು ಬಂದು, ಭೂತಗನ್ನಡಿ ಇಸಿದುಕೊಂಡು, ತಾವೂ ಬಗ್ಗಿ ನಿಧಾನವಾಗಿ ನೋಡಿದರು.  ಅಜ್ಜಾರು ಭೂತಗನ್ನಡಿ ಕೆಳಗಿಟ್ಟರು.

"ನಾನು ಕಣ್ಣು ಮುಚ್ಚಿ ನೋಡಿದ್ದ ಮಚ್ಚೀನ ಇದು" ಎಂದರು. "ಏಳವ್ವಾ ಕಾಶವ್ವಾ. ಏನೂ ಇಲ್ಲ ನಿನಗ."

ಅಬ್ಬಾ! ಆ ಕೋಣೆಯಲ್ಲಿ ಎಲ್ಲರೂ ಒಟ್ಟಿಗೇ ಉಸಿರು ಬಿಟ್ಟರು.

ಆದರೆ ಕೆಲಸ ಇನ್ನೂ ಮುಗಿದಿರಲಿಲ್ಲ. ಅಡಿವಯ್ಯ ಕೇಸ್ ಪೇಪರ್ ಎತ್ತಿಕೊಂಡು ಮೇಜಿಗೆ ಹೋದ. ಡ್ರಾಯರಿನಿಂದ ಅಕ್ಷರ ಅಳಿಸುವ ಬಿಳಿ ಬಣ್ಣದ ಸಣ್ಣ ಬಾಟಲಿ ತೆಗೆದ. ಹಳೆಯ ಕೋಡ್ ಮೇಲೆ ಬಳಿದುಬಿಟ್ಟರೆ ತಪ್ಪು ಕಾಣುವುದಿಲ್ಲ.

ಅಜ್ಜಾರು ಆ ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡು ಕಿಟಕಿಯಾಚೆ ಎಸೆದರು.

"ಅಜ್ಜಾರ! ಹಂಗಾದ್ರ ತಿದ್ದೂದು ಹೆಂಗ್ರಿ?"

"ಒಂದು ಗೆರಿ ಎಳಿ. ಒಂದ. ಕೆಳಗಿಂದು ಓದಾಕ ಬರಬೇಕು."

"ಎಲ್ಲಾರಿಗೂ ಕಾಣತೈತಲ್ರಿ, ನಾ ತಪ್ಪ ಬರದಿದ್ದು."

"ಕಾಣಲಿ ಬಿಡು. ಬಳಿದಿದ್ದು ನೋಡಿದ್ರ ಅವರಿಗೆ ನಿನ್ನ ಹೊಸಾ ಮಾತಿನ ಮ್ಯಾಲೂ ನಂಬಿಕಿ ಬರೂದಿಲ್ಲ. ಪಕ್ಕಕ್ಕ ಹೊಸಾದು ಬರಿ, ಇವತ್ತಿನ ತಾರೀಖು ಹಾಕು, ಯಾಕ ಬದಲಾತು ಅಂತ ಬರಿ, ಸಹಿ ಮಾಡು."

"ಯಾಕ ಬದಲಾತು ಅಂತ ಏನ್ ಬರೀಲ್ರಿ?"

ಅಜ್ಜಾರು ಮಾನಿಂಗನಿಗೆ ನೀರು ಕೊಡಲು ಹೋದರು.

ಅಡಿವಯ್ಯ ಪೆನ್ನು ಹಿಡಿದು ಕುಳಿತ. 'ಮರುಪರಿಶೀಲನೆಯ ನಂತರ' ಅಂತ ಬರೆಯಬಹುದಿತ್ತು. ಮರ್ಯಾದೆಯ ಮಾತು, ಯಾರೂ ಏನೂ ಕೇಳುತ್ತಿರಲಿಲ್ಲ. ಕಾಶವ್ವ ಎದುರಿಗೇ ನಿಂತು ಅವನ ಪೆನ್ನನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಅವಳ ಎದುರಿಗೆ ಆ ಮಾತು ಬರೆಯಲು ಕೈ ಬರಲಿಲ್ಲ.

'ಮೊದಲ ಸಲ ನಾನು ಸರಿಯಾಗಿ ನೋಡದೆ ಬರೆದಿದ್ದೆ. ಇಂದು ನೋಡಿದ್ದೇನೆ' ಎಂದು ಬರೆದ. ಅದರ ಕೆಳಗೆ ಜಾಗ, ಅಳತೆ, ಬಣ್ಣ, ಅಂಚು, ತಮ್ಮ ಹೇಳಿದ ಮಾತು, ಎಲ್ಲವನ್ನೂ ಬರೆದು, ಕಡೆಯಲ್ಲಿ ಸಾದಾ ಮಚ್ಚೆಯ ಕೋಡ್ ಹಾಕಿ ಸಹಿ ಮಾಡಿದ. ಅಜ್ಜಾರೂ ಬಂದು ಸಹಿ ಮಾಡಿದರು. ಅಡಿವಯ್ಯ ಅದನ್ನು ಕಂಪ್ಯೂಟರಿನಿಂದ ಪಟ್ಟಣಕ್ಕೆ ಕಳಿಸಿ, ಫೋನು ಹಚ್ಚಿದ.

ಅತ್ತ ಕಡೆ ಒಬ್ಬ ಡಾಕ್ಟರಮ್ಮ. ಖಡಕ್ ದನಿ.

"ನಿಮ್ಮ ಪೇಪರ್ ನೋಡ್ತಾ ಇದ್ದೀನಿ. ಮೊದಲು ಅನಿಶ್ಚಿತ ಅಂದ್ರಿ. ಈಗ ಸಾದಾ ಮಚ್ಚೆ ಅಂತೀರಿ. ಮಧ್ಯೆ ಏನಾಯ್ತು?"

"ಮಧ್ಯೆ ನಾನು ಅದನ್ನ ನೋಡಿದೆ ಮೇಡಂ."

"ಹಾಗಂದ್ರೆ? ಮೊದಲು?"

 ಕೋಣೆಯಲ್ಲಿ ಎಲ್ಲರೂ ಕೇಳುತ್ತಿದ್ದರು.

"ಮೊದಲು ನೋಡಿರಲಿಲ್ಲ ಮೇಡಂ. ತಪ್ಪು ನಂದು. ಆ ಹೆಣ್ಣುಮಗಳದ್ದಾಗಲಿ ಮಚ್ಚೆದ್ದಾಗಲಿ ಏನೂ ತಪ್ಪಿಲ್ಲ."

 ಫೋನಿನಲ್ಲಿ ಕಂಪ್ಯೂಟರಿನ ಗುಂಡಿ ಒತ್ತುವ ಸಪ್ಪಳ ಬಂತು. ಕಾಶವ್ವ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಳು.

"ಇಷ್ಟು ವಿವರವಾಗಿ ಬರೆದಿದ್ದೀರಿ ಈಗ" ಎಂದರು ಡಾಕ್ಟರಮ್ಮ. ದನಿ ಸ್ವಲ್ಪ ಮೆತ್ತಗಾಗಿತ್ತು. "ಇದನ್ನ ಮೊದಲೇ ಬರೆದಿದ್ರೆ ನಾನು ಅವರನ್ನ ವಾಪಸ್ ಕಳಿಸ್ತಿರಲಿಲ್ಲ. ಆಯ್ತು. ಸಂಜೆ ಮೀಟಿಂಗಲ್ಲಿ ಇಡ್ತೀನಿ. ನಾವೂ ಇಲ್ಲಿ ಒಂದ್ಸಲ ನೋಡ್ತೀವಿ. ಅವರ ಪಾಳಿ ಅವರದ್ದೇ ಇರುತ್ತೆ. ಇಬ್ಬರನ್ನೂ ನಾಳೆ ಬೆಳಿಗ್ಗೆ ಕಳಿಸಿ."

ಅಡಿವಯ್ಯ ಫೋನು ಕೆಳಗಿಟ್ಟ.  ಕಾಶವ್ವನ ಕಡೆ ತಿರುಗಿ, ನೆಲ ನೋಡದೆ, ಅವಳ ಮುಖವನ್ನೇ ನೋಡಿ ತಲೆಯಾಡಿಸಿದ.

ಕಾಶವ್ವ ಅಲ್ಲೇ ಕುಸಿದು ಕುಳಿತಳು. ಅತ್ತಳು, ನಕ್ಕಳು, ತಮ್ಮನ ತಲೆಗೊಂದು ಮೊಟಕಿದಳು, ಅದೇ ತಲೆಯನ್ನು ಎದೆಗವಚಿಕೊಂಡಳು.

"ನಿಮಗ ಭಾಳ ಬೈದೆ ಡಾಕ್ಟರ್ರ" ಎಂದಳು, ಹೊರಡುವಾಗ.

"ಬೈದದ್ದು ಚಲೋ ಆತ್ರಿ ಅವ್ವಾರ."

"ಹಂಗಾದ್ರ ಹೊಳ್ಳಿ ಬಂದಾಗ ಇನ್ನಷ್ಟು ಬೈತೀನಿ. ಬರೂಮುಂದ ರೊಟ್ಟೀನೂ ತರ್ತೀನಿ."

ಅಕ್ಕ ತಮ್ಮ ಹೊಳೆಯ ದಾರಿ ಹಿಡಿದರು. ಮಾನಿಂಗ ಅಕ್ಕನ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿದ್ದ. ಅವರು ತಿರುವು ದಾಟುವ ತನಕ ಅಡಿವಯ್ಯ ನೋಡುತ್ತ ನಿಂತ. ಎಷ್ಟು ಹಗುರವೆನಿಸಿತೆಂದರೆ, ಕಾಲು ನೆಲದ ಮೇಲಿದೆಯೋ ಇಲ್ಲವೋ ಎಂದು ಒಮ್ಮೆ ನೋಡಿಕೊಂಡ.

ಆಮೇಲೆ ಒಳಗೆ ಬಂದು ಅಜ್ಜಾರ ಕಾಲಿಗೆ ಉದ್ದಕ್ಕೆ ಬಿದ್ದ.

"ಅಜ್ಜಾರ, ನನಗ ಪ್ರಾಯಶ್ಚಿತ್ತ ಹೇಳ್ರಿ. ಉಪವಾಸ ಇರು ಅಂದ್ರ ಇರ್ತೀನಿ. ಮೌನ ಹಿಡಿ ಅಂದ್ರ ಹಿಡೀತೀನಿ."

"ಏಳು ಮೊದಲ."

ಅಡಿವಯ್ಯ ಎದ್ದ.

"ಬಾಗಿಲಾ ಮುಂದ ಮಾಡು. ಭೂತಗನ್ನಡಿ ತಗೋ."

ಬಾಗಿಲು ಮುಚ್ಚಿ, ಭೂತಗನ್ನಡಿ ತೆಗೆದುಕೊಂಡು ತಿರುಗಿದರೆ, ಅಜ್ಜಾರು ಅವನಿಗೆ ಬೆನ್ನು ಮಾಡಿ ಕುಳಿತಿದ್ದರು. ಹೊದ್ದ ಕಾವಿ ಶಾಲನ್ನು ಹೆಗಲಿನಿಂದ ಕೆಳಗಿಳಿಸಿದ್ದರು.

ಅಡಿವಯ್ಯ ಬೆಚ್ಚಿಬಿದ್ದ. ಇಷ್ಟು ಕಾಲ ಜೊತೆಗಿದ್ದೂ ಗುರುಗಳ ಬರೀ ಮೈಯನ್ನು ಅವನು ನೋಡಿರಲಿಲ್ಲ. ಆಶ್ರಮದಲ್ಲಿ ಯಾರೂ ನೋಡಿರಲಿಲ್ಲ. ಗುರುಗಳ ನೆರಳು ತುಳಿಯಲೂ ಹೆದರುವ ಜನ ಅವರು. ಅವನ ಕಣ್ಣು ತಾನಾಗಿಯೇ ನೆಲಕ್ಕಿಳಿದವು.

"ಮತ್ತ ನೆಲಾ ನೋಡಾಕತ್ತಿ" ಎಂದರು ಅಜ್ಜಾರು. ಬೆನ್ನಿಗೂ ಕಣ್ಣಿತ್ತೋ ಏನೋ. "ಬಲಗಡೆ, ಸೊಂಟದ ಮ್ಯಾಲೆ. ಏನೋ ಕೈಗೆ ಹತ್ತತೈತಿ. ಕನ್ನಡಿಯಾಗ ನೋಡೂನಂದ್ರ ಕಾಣವಲ್ದು."

ಅಡಿವಯ್ಯ ದೀಪ ಹಿಡಿದು ಬಗ್ಗಿದ. ಇತ್ತು. ಕರಿಗಂದು ಬಣ್ಣದ್ದು, ದೊಡ್ಡದೇ.  ಗುರುಗಳಿಗೇ ಏನಾದರೂ ಆಗಿದ್ದರೆ?

ಕೇಸ್ ಪೇಪರ್ ಎಳೆದುಕೊಂಡು ಬರೆಯತೊಡಗಿದ. ಬರೆಯುತ್ತಲೇ ಬಾಯಿಂದ ಓದಿದ.

"ಪರಮಪೂಜ್ಯ ಗುರುಗಳ ದಿವ್ಯ ಶರೀರದ ಮೇಲೆ..."

"ದಿವ್ಯಕ್ಕ ಕೋಡ್ ಐತೇನೋ ಪುಸ್ತಕದಾಗ?"

ಅಡಿವಯ್ಯ ನಾಲಿಗೆ ಕಚ್ಚಿಕೊಂಡ. ಅದರ ಮೇಲೆ ಒಂದು ಗೆರೆ ಎಳೆದ. ಪೆನ್ನು ಪಕ್ಕಕ್ಕಿಟ್ಟು ಭೂತಗನ್ನಡಿ ತೆಗೆದುಕೊಂಡ. ಬಗ್ಗಿ, ಉಸಿರು ಹಿಡಿದು ನೋಡಿದ. ಅಳೆದ. ಕೈ ತೊಳೆದು ಮುಟ್ಟಿದ. ಎಷ್ಟು ದಿನದಿಂದ ಇದೆ, ಬೆಳೆದಿದೆಯೇ, ರಕ್ತ ಬಂದಿತ್ತೇ ಎಂದು ಕೇಳಿದ. ಅಜ್ಜಾರು ಮಿಕ್ಕ ರೋಗಿಗಳ ಹಾಗೆಯೇ ತಡವರಿಸುತ್ತ ಉತ್ತರ ಕೊಟ್ಟರು. ಆ ತಡವರಿಕೆ ಕೇಳಿ ಅಡಿವಯ್ಯನಿಗೆ ಅಚ್ಚರಿಯಾಯಿತು. ಅಜ್ಜಾರಿಗೂ ಹೆದರಿಕೆ ಇತ್ತು!

ಅವನು ಇನ್ನೊಮ್ಮೆ ನೋಡಿದ. ಮೇಣದ ಹನಿ ಅಂಟಿಸಿದ ಹಾಗೆ ಚರ್ಮದ ಮೇಲೆ ಕುಳಿತಿತ್ತು. ಮೇಲ್ಮೈ ಒರಟು. ಅಂಚು ಸ್ಪಷ್ಟ. ಕೆಳಗೆ ಬೇರಿಳಿದಿರಲಿಲ್ಲ. ವಯಸ್ಸಾದವರ ಮೈಮೇಲೆ ಇಂಥದನ್ನು ಅವನು ಎಷ್ಟೋ ನೋಡಿದ್ದ.

"ಅಜ್ಜಾರ" ಎಂದ. "ಇದು ಮುಪ್ಪಿನ ಮಚ್ಚಿ. ಏನೂ ಮಾಡೂದಿಲ್ಲ. ಖಾತ್ರಿ."

ಅಜ್ಜಾರ ಬೆನ್ನು ಒಮ್ಮೆ ಉಬ್ಬಿ ಇಳಿಯಿತು. ಎಷ್ಟು ದಿನದಿಂದ ಹಿಡಿದಿಟ್ಟ ಉಸಿರೋ.

"ನೀವ ಇಷ್ಟು ದೊಡ್ಡ ಡಾಕ್ಟರ" ಅಂದ ಅಡಿವಯ್ಯ, ಶಾಲು ಹೊದಿಸುತ್ತ.  "ಊರೆಲ್ಲಾ ನಿಮ್ಮ ಹತ್ರ ಬರತೈತಿ. ಇಷ್ಟು ದಿನಾ ಯಾರಿಗೂ ಯಾಕ ತೋರಿಸಲಿಲ್ರಿ?"

ಅಜ್ಜಾರು ಶಾಲು ಸರಿಪಡಿಸಿಕೊಂಡು ತಿರುಗಿದರು. ಸಣ್ಣ ಹುಡುಗನ ಹಾಗೆ ನಕ್ಕರು.

"ಎಲ್ಲಾರೂ ಕಾಲಿಗೆ ಬೀಳ್ತಾರೋ ಅಡಿವಯ್ಯಾ. ಬೆನ್ನು ನೋಡವ್ರು ಒಬ್ರೂ ಇರಲಿಲ್ಲ."